ಸೊನ್ನೆ ಅಳಿಸಿದ ಸ್ಕೇಲು

ಉಪ್ಪಳದ ಕನ್ನಡ ಶಾಲೆ, ಎಂಟನೇ ಬಿ.
ಅಸೆಂಬ್ಲಿಯಲ್ಲಿ ಮಿಸ್ರಿಯಾ ಪೇಪರು ಓದಿದಳು:
ಚಂದ್ರ ವರ್ಷಕ್ಕೆ ಮೂರು ದಶಮಾಂಶ ಎಂಟು ಸೆಂಟಿಮೀಟರು
ನಮ್ಮಿಂದ ದೂರ ಸರಿಯುತ್ತಿದ್ದಾನೆ.
ಯಾರೂ ಕೆಮ್ಮಲಿಲ್ಲ ಸಹ.
ಮಂಗಳೂರು ಕಡೆಗೆ ರೈಲೊಂದು ಹೋಯಿತು.

ಕ್ಲಾಸಿಗೆ ಬಂದ ಮೇಲೆ ಶುರು.
ಕಡಪ್ಪುರದ ಲಿಖಿತೇಶ ಎದ್ದು ನಿಂತ:
‘ಹಾಗಾದರೆ ಭರತ ಕುಗ್ಗುತ್ತದಾ ಟೀಚರ್?
ನಮ್ಮ ದೋಣಿ ಈಗಲೇ ಅಳಿವೆಯಲ್ಲಿ ಮರಳಿಗೆ ತಾಗುತ್ತದೆ.’
ನೌಫಲನಿಗೆ ಪೆರ್ನಾಲಿನ ಚಿಂತೆ,
ಇನ್ನು ಚಂದ್ರ ಕಾಣುವುದು ಲೇಟಾ?
ಹಿಂದಿನ ಬೆಂಚಿನಿಂದ ಯಾರೋ ತುಳುವಿನಲ್ಲಿ:
‘ಪೋವಡ್, ಎಂಕ್ ದಾನೆ!’

ಬೋರ್ಡಿನಲ್ಲಿ ಅಳೆದು ತೋರಿಸಿದೆ.
ಶಾಲೆಯ ಸ್ಕೇಲಿನ ಸೊನ್ನೆ ಅಳಿಸಿ ಯಾವ ಕಾಲವಾಯಿತೋ,
ಒಂದರಿಂದ ಹಿಡಿದು, ನಾಲ್ಕು ದಾಟಿ, ಎಂಟು ಗೀಟು.
‘ಇಷ್ಟೇನಾ!’ ಎಂದರು
ತೂಕದಲ್ಲಿ ಮೋಸಹೋದವರ ಹಾಗೆ.

ಸಮನ್ವಿ ಮಾತ್ರ ತಲೆ ಎತ್ತಲಿಲ್ಲ.
ತಪ್ಪಿ ಬಂದ ಮಲಯಾಳ ಪ್ರಶ್ನೆಪತ್ರಿಕೆಯ ಬೆನ್ನಲ್ಲಿ
ಹದಿಮೂರರಿಂದ ಗುಣಿಸುತ್ತಿದ್ದಳು.
‘ನಾನು ಹುಟ್ಟಿದ ಮೇಲೆ ನಲವತ್ತೊಂಬತ್ತು ಚಿಲ್ಲರೆ.
ಆಸ್ಪತ್ರೆಯ ಕಾರ್ಡಿನಲ್ಲಿ
ನನ್ನ ಉದ್ದವೂ ಅಷ್ಟೇ ಬರೆದಿದೆ, ಟೀಚರ್.’

ಎರಡೂ ಕೈ ಅಗಲಿಸಿ ಹಿಡಿದಳು,
ನಡುವೆ ಏನೋ ಮಲಗಿದೆ ಎಂಬಂತೆ.
ಬೆಲ್ಲು ಹೊಡೆಯಿತು.
ಇಳಿಸಲಿಲ್ಲ.