ಮೂರನೆಯ ದಿನ ಗಾಳಿ ತಿರುಗಿತು

ಮೆಜೆನ್ ಹೊಳೆ ಬಿಳಿ ಸಮುದ್ರಕ್ಕೆ ಬಾಯಿ ತೆರೆಯುವಲ್ಲಿ ನಮ್ಮೂರು.
ಮರದ ಮನೆ ಇಪ್ಪತ್ತೆರಡು, ಹೊಗೆ ಏಳುವುದು ಒಂಬತ್ತರಲ್ಲಿ.
ಅತ್ತೆ ಗ್ಲಾಫೀರಾ ನಲವತ್ತು ವರ್ಷ ಮೀನಿಗೆ ಉಪ್ಪು ಹಾಕಿದವಳು;
ಅವಳ ಬೆರಳಸಂದಿನ ಬಿರುಕು ಬೇಸಿಗೆಯಲ್ಲೂ ಕೂಡುವುದಿಲ್ಲ.
ಉಪ್ಪೆಂದರೇನು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಅಟ್ಟದ ಮೇಲೆ ತಗಡಿನ ಡಬ್ಬ.
ಮೀನಿನ ಡಬ್ಬದ ಹಾಗೇ ಕೊಯ್ದು ತೆರೆಯಬೇಕು.
ಒಳಗೆ ಎಣ್ಣೆಕಾಗದ ಸುತ್ತಿದ ತೋಟೆಗಳು,
ಬುಡದಲ್ಲಿ ಐವತ್ತೆರಡು ಎಂಬ ಇಸವಿ,
ನನ್ನಪ್ಪನಿಗಿಂತ ಹಿರಿಯವು.
ಅಗ್ಗ. ಸಿಡಿಯುವುದರಲ್ಲಿ ಮೋಸವಿಲ್ಲ.
ಆದರೆ ಹಿಂಬದಿಯ ಕಿಡಿಮದ್ದಿನಲ್ಲಿ
ಚಿಟಿಕೆಗಿಂತ ಕಡಿಮೆ ಏನೋ ಇದೆ:
ಉರಿದ ಮೇಲೆ ಉಪ್ಪಾಗಿ ನಳಿಗೆಯ ಗೋಡೆಗೆ ಕೂತು
ತೇವಕ್ಕಾಗಿ ಕಾಯುತ್ತದೆ.

"ಎಣ್ಣೆ ಉಪ್ಪನ್ನು ಕರಗಿಸೋದಿಲ್ಲ, ಮುಚ್ಚುತ್ತೆ ಅಷ್ಟೆ.
ಮೊದಲು ಕುದಿನೀರು, ಕೆಟಲ್ ಪೂರ್ತಿ. ಆಮೇಲೆ ಒಣಬಟ್ಟೆ,
ಅದು ಬೆಳ್ಳಗೆ ಬರೋ ತನಕ. ಎಣ್ಣೆ ಕೊನೆಗೆ.
ಒಂದೇ ಗುಂಡು ಹಾರಿಸಿದರೂ ಇಷ್ಟೂ ಮಾಡಬೇಕು, ಉಸ್ತಿನ್ಯಾ.
ತಾಗಿತೋ ತಪ್ಪಿತೋ, ಉಪ್ಪು ಕೇಳೋದಿಲ್ಲ."

ಇಪ್ಪತ್ತು ತುಂಬಿದ ವರ್ಷ ಮೊದಲ ಸಲ ಒಬ್ಬಳೇ ಹೋದೆ.
ನವೆಂಬರ್. ಮೈನಸ್ ಇಪ್ಪತ್ತೆಂಟು.
ಬರ್ಚ್ ಮರಗಳ ಅಂಚಿಗೆ ಎಲ್ಕ್ ನಿಂತಿತ್ತು, ಹೆಣ್ಣು,
ಕುದುರೆಗಿಂತ ಎತ್ತರ, ಮೂಗಿನಿಂದ ಹಬೆ.
ಹೊಡೆದೆ.
ಬೀಳಲಿಲ್ಲ. ಕೊಂಚ ಬಾಗಿತು,
ಯಾರೋ ಹೆಸರು ಹಿಡಿದು ಕರೆದಂತೆ ತಿರುಗಿ ನೋಡಿ
ಕಾಡೊಳಗೆ ನಡೆಯಿತು.
ಹಿಮದ ಮೇಲೆ ಕೆಂಪು, ಹೆಜ್ಜೆಗೊಂದು,
ಆಮೇಲೆ ಹತ್ತು ಹೆಜ್ಜೆಗೊಂದು.
ಮೂರು ಗಂಟೆಗೇ ಕತ್ತಲು. ಹಿಂಬಾಲಿಸಬೇಕಿತ್ತು.
ಹಿಂಬಾಲಿಸಲಿಲ್ಲ.

"ಎಷ್ಟು ಹಾರಿಸಿದೆ?" ಒಲೆಯ ಕಡೆಗೇ ಮುಖವಿಟ್ಟು ಕೇಳಿದಳು.
"ಒಂದೂ ಇಲ್ಲ."
ಖಾಲಿ ತೋಟೆ ಜೇಬಿನಲ್ಲಿ, ತೊಡೆಗೆ ತಣ್ಣಗೆ ಒತ್ತುತ್ತಿತ್ತು.
ಹಾರಿಸದ ಬಂದೂಕಿಗೆ ಕುದಿನೀರು ಯಾಕೆ?
ಹೊರಜಗಲಿಯ ಮೊಳೆಗೆ ತೂಗುಹಾಕಿದೆ;
ಬೆಚ್ಚಗಿನ ಕೋಣೆಗೆ ತಂದರೆ ಕಬ್ಬಿಣ ಬೆವರುತ್ತದೆ.

ಎರಡು ದಿನ ಚಳಿ ನನ್ನ ಪಕ್ಷದಲ್ಲಿತ್ತು.
ಅಂಥ ಚಳಿಯಲ್ಲಿ ಉಪ್ಪು ಕೂಡ ನಿದ್ದೆ ಹೋಗುತ್ತದೆ.
ಮೂರನೆಯ ದಿನ ಗಾಳಿ ತಿರುಗಿತು, ಪಡುವಣದಿಂದ,
ಸೂರಿನ ಹಿಮ ತೊಟ್ಟಿಕ್ಕಿತು, ಕಿಟಕಿ ಬೆವರಿತು.
ನಾಲ್ಕನೆಯ ಬೆಳಿಗ್ಗೆ ಅತ್ತೆ ಬೋಲ್ಟ್ ಕಳಚಿ
ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದಳು.
ಬಹಳ ಹೊತ್ತು.
ಆಮೇಲೆ ನನಗೆ ಕೊಟ್ಟಳು.
ಹೊಳೆವ ಸುರುಳಿಗೆರೆಗಳ ನಡುವೆ
ಇಟ್ಟಿಗೆಪುಡಿ ಚೆಲ್ಲಿದ ಹಾಗೆ.

ಉಪ್ಪು ತಿಂದದ್ದು ನೀರು ಕುಡಿಯಲೇಬೇಕು.
ನಾನು ಕುಡಿಸಲಿಲ್ಲ;
ಅದು ಗಾಳಿಯಿಂದಲೇ ಕುಡಿದಿತ್ತು.

ಬೈಯಲಿಲ್ಲ. ಕೆಟಲ್ ಇಟ್ಟಳು.
ಆಲಿಕೆ ಹಿಡಿದು ನಾನು ಸುರಿದೆ,
ನಳಿಗೆಯ ತುದಿಯಿಂದ ಮೊದಲು ಕಪ್ಪು ನೀರು, ಆಮೇಲೆ ಕಂದು,
ಆಮೇಲೆ ಬರೀ ನೀರು.
ಕೈಗವಸಿನೊಳಗೂ ಕಬ್ಬಿಣ ಸುಟ್ಟಿತು.
"ಎಲ್ಲಿ?" ಎಂದಳು. "ಯಾವ ಕಡೆ ಹೋಯಿತು?"

ತೊರೆಯ ಎರಡನೆಯ ತಿರುವಿನಲ್ಲಿ ಕಾಗೆಗಳು ತೋರಿಸಿದವು.
ನರಿಗಳು ನಮಗಿಂತ ಮೊದಲೇ ಬಂದು ಹೋಗಿದ್ದವು.
ಫರ್ ಮರದಡಿ ಕಾಲು ಮಡಚಿಕೊಂಡು ಕೂತೇ ಇತ್ತು.
ಅತ್ತೆ ಕೈಗವಸು ತೆಗೆದು ಅದರ ಬೆನ್ನು ಮುಟ್ಟಿದಳು.
"ಚೆನ್ನಾಗಿ ಮೇದಿತ್ತು," ಅಂದಳು. ಅಷ್ಟೇ.
ಮನೆಯ ತನಕ ಸ್ಕೀಗಳ ಸದ್ದು.

ಈಗ ಒಂಬತ್ತರಲ್ಲ, ಆರು ಮನೆಯಲ್ಲಿ ಹೊಗೆ.
ಬಂದೂಕು ನನ್ನದು, ಕೆಟಲ್ ಕೂಡ.
ನಳಿಗೆಯೊಳಗೆ, ಬಾಯಿಂದ ಒಂದು ಗೇಣು ಕೆಳಗೆ,
ಕಡ್ಡಿಗೆ ಸುತ್ತಿದ ಬಟ್ಟೆ ಇಂದಿಗೂ ಒಂದು ಕಡೆ
ತುಸು ತಡೆದು ಮುಂದೆ ಹೋಗುತ್ತದೆ.
ಬೆಳ್ಳಗೇ ಬರುತ್ತದೆ.
ಮತ್ತೊಮ್ಮೆ ಹಾಯಿಸುತ್ತೇನೆ.