ಕೆಮ್ಮು ತೆಗೆಯಬೇಡ

ಗುರುವಾರ ಸಂಜೆ ನಮ್ಮ ಅಡುಗೆಮನೆಯಲ್ಲಿ ಶೂಟಿಂಗ್.
ಫ್ರಿಜ್ಜಿನ ಪ್ಲಗ್ ಕೀಳಬೇಕು, ಅದು ಗೊಣಗುತ್ತದೆ.
ನನಗೆ ಪ್ಲಗ್ ಇಲ್ಲ,
ಹಾಗಾಗಿ ಮೆಟ್ಟಿಲ ಮೇಲೆ ಕೂರಿಸುತ್ತಾರೆ,
ಬಾಯಿಗೆ ಟವೆಲ್ ಕೊಟ್ಟು.
ರೋಂಡಾ ಕಣಿವೆಯ ಕಲ್ಲಿದ್ದಲನ್ನು
ಇಪ್ಪತ್ತಾರು ವರ್ಷ ಉಂಡ ಎದೆ
ಹತ್ತು ನಿಮಿಷ ಸುಮ್ಮನಿರು ಎಂದರೆ ಕೇಳೀತೆ?

ಮೊಮ್ಮಗ ಗೆಥಿನ್ ಹಿಟ್ಟಿನ ಡಬ್ಬದ ಮೇಲೆ
ಚರ್ಚಿನ ಕೀರ್ತನೆಯ ಪುಸ್ತಕ, ಅದರ ಮೇಲೆ
ಯೂನಿಯನ್ನಿನ ಹಳೆಯ ಲೆಕ್ಕದ ಪುಸ್ತಕ ಪೇರಿಸಿ
ಫೋನು ಒರಗಿಸುತ್ತಾನೆ.
ಒಂದು ತೆಗೆದರೂ ಓಲ್ವೆನ್‌ಳ ತಲೆ ಚೌಕಟ್ಟಿನಾಚೆ.

ಮೂವತ್ತೊಂದು ವರ್ಷ ಶಾಲೆಯ ಮಕ್ಕಳಿಗೆ
ಆಲೂಗಡ್ಡೆ ಬಡಿಸಿದ ಕೈ. ಈಗ ಅದರಲ್ಲಿ ಚಾಕು.
ಬ್ರೆಡ್ಡು ಹತ್ತು ತುಂಡು.
“ನೋಡಿ, ಈ ಮೂರು ನಿಮ್ಮ ಸಂಬಳ.
ಎಂಟಕ್ಕೆ ಶುರು ಮಾಡಿದಿರಿ,
ಹತ್ತೂವರೆಯೊಳಗೆ ಅಷ್ಟನ್ನೂ ದುಡಿದಾಯಿತು.
ಆಮೇಲೆ ಮನೆಗೆ ಹೋದಿರಾ? ಇಲ್ಲ.
ಹಾಗಾದರೆ ಉಳಿದ ಏಳು ಯಾರ ಹೊಟ್ಟೆಗೆ?”
ಏಳಕ್ಕೂ ಬೆಣ್ಣೆ ಸವರುತ್ತಾಳೆ,
ಒಂದೊಂದಕ್ಕೇ, ಅಂಚಿನವರೆಗೂ.
ಅಷ್ಟೇ ಸಿನಿಮಾ.

ಇದನ್ನೇ ನಾನು ದಪ್ಪ ಪುಸ್ತಕ ಬಿಚ್ಚಿ
ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಎರಡೆರಡು ಗಂಟೆ ಹೇಳಿದ್ದೆ.
ಜನ ಬಿಯರ್ ತರುವ ನೆಪದಲ್ಲಿ ಎದ್ದುಹೋಗುತ್ತಿದ್ದರು.
ಇವಳಿಗೆ ನಾಲ್ಕು ನಿಮಿಷ ಸಾಕು.
ಹೊಟ್ಟೆಕಿಚ್ಚು ಪಡೋಣವೆಂದರೆ ಉಸಿರೂ ಇಲ್ಲ.

ಮೊದಲ ವಾರ ನೋಡಿದ್ದು ನಲವತ್ತಮೂರು ಸಲ.
ಅದರಲ್ಲಿ ಹತ್ತೊಂಬತ್ತು ನಾನೇ.

ಗೆಥಿನ್‌ನ ಮುಖ ಯಾವ ಸಿನಿಮಾದಲ್ಲೂ ಇಲ್ಲ.
ನಮ್ಮ ಗಣಿಯ ಬಾಯಿಗೆ ಕಾಂಕ್ರೀಟು ಜಡಿದ ಜಾಗದಲ್ಲಿ
ಈಗ ಗೋದಾಮು; ಅಲ್ಲಿ ಅವನಿಗೆ ರಾತ್ರಿಪಾಳಿ.
ನಾವು ಕತ್ತಲೆಗೆ ಇಳಿಯುತ್ತಿದ್ದೆವು,
ಅವರು ಬೆಳಕಿನಲ್ಲೇ ಕಾಣೆಯಾಗುತ್ತಾರೆ.
ಮಣಿಕಟ್ಟಿನ ಯಂತ್ರ ಅವರ ಹೆಜ್ಜೆ ಎಣಿಸುತ್ತದೆ,
ಉಚ್ಚೆಗೆ ಹೋದ ನಿಮಿಷಗಳನ್ನೂ.

ಉಚ್ಚೆಯ ನಿಮಿಷದ ಬಗ್ಗೆಯೇ ಆರನೆಯ ಸಿನಿಮಾ.
ಹನ್ನೊಂದು ಸಾವಿರ ಮಂದಿ ನೋಡಿದರು.
ನಾವೂ ನೋಡಲು ಕೂತರೆ, ಅದಕ್ಕೂ ಮೊದಲು ಒಂದು ಜಾಹೀರಾತು:
ಅದೇ ಗೋದಾಮು, ಅದೇ ಪೆಟ್ಟಿಗೆ,
ಹಲ್ಲು ಬಿಡುತ್ತಾ ಬಾಗಿಲು ತೆರೆಯುವ ಹುಡುಗಿ.
ಐದು ಸೆಕೆಂಡು ಯಾರೂ ಮಾತಾಡಲಿಲ್ಲ.
ತಿಂಗಳ ಕೊನೆಗೆ ನಮ್ಮ ಪಾಲು ಬಂತು,
ಏಳು ಪೌಂಡು, ಮೇಲೆ ಚಿಲ್ಲರೆ.

ಮುಂದಿನ ಗುರುವಾರ ಫೋನಿನ ಹಿಂದಿನಿಂದ
ಗೆಥಿನ್ ಕೇಳಿಯೇಬಿಟ್ಟ:
“ಅಜ್ಜಿ, ಈ ಸಿನಿಮಾದಲ್ಲಿ ನಮ್ಮದು ಎಷ್ಟು ತುಂಡು?”
ಚಾಕು ಗಾಳಿಯಲ್ಲೇ ನಿಂತಿತು.
ಊಟದ ಮನೆಯ ಗದ್ದಲವನ್ನೇ ಒಂದು ಗದರಿಕೆಗೆ ಅಡಗಿಸಿದವಳು
ಬ್ರೆಡ್ಡನ್ನೇ ನೋಡುತ್ತಿದ್ದಳು.
ಟವೆಲಿಗೆ ತಡೆಯಲಾಗಲಿಲ್ಲ.
ಮೆಟ್ಟಿಲಿನಿಂದ ನನ್ನದು ಶುರುವಾಯಿತು,
ತೊಟ್ಟಿಯಲ್ಲಿ ಕಲ್ಲು ಉರುಳಿಸಿದ ಹಾಗೆ,
ಒಂದು ನಿಮಿಷ ಮೇಲೆ.

ಪಾಪ, ಹುಡುಗ ವಾರವಾರವೂ
ಬ್ರೆಡ್ಡಿನ ಸೀದ ಅಂಚು ಕತ್ತರಿಸುವಂತೆ
ನನ್ನನ್ನು ಕತ್ತರಿಸಿ ತೆಗೆಯುತ್ತಿದ್ದ.
ಓಲ್ವೆನ್ ಹೇಳಿದಳು: “ಈ ಸಲ ಇರಲಿ.
ನಾನು ಸುಮ್ಮನಿದ್ದದ್ದೂ ಇರಲಿ.
ಗೊತ್ತಿಲ್ಲದ್ದು ಗೊತ್ತಿಲ್ಲದ ಹಾಗೇ ಕಾಣಲಿ.
ಅವನ ಕೆಮ್ಮು ತೆಗೆಯಬೇಡ.”
ಮದುವೆಯಾಗಿ ಐವತ್ತೆರಡು ವರ್ಷ.
ಇದಕ್ಕಿಂತ ಪ್ರೀತಿಯ ಮಾತು ಆಡಿದ್ದು ನೆನಪಿಲ್ಲ.

ನಿನ್ನೆ ಗೆಥಿನ್ ಇಡೀ ಬ್ರೆಡ್ಡು ಕೇಳಿದ, ಕೊಯ್ಯದೆ.
ನಡುರಾತ್ರಿಯ ಬಿಡುವಿನಲ್ಲಿ ಹನ್ನೊಂದು ಜನ ಕೂರುತ್ತಾರಂತೆ,
ಲಾರಿಗಳ ಹಿಂದೆ, ಕ್ಯಾಮೆರಾ ನೋಡದ ಕಡೆ.
ಅವಳು ಬ್ರೆಡ್ಡಿನ ಜೊತೆಗೆ ಚಾಕುವನ್ನೂ ಸುತ್ತಿದಳು.
ಗೇಟಿನಲ್ಲಿ ತಪಾಸಣೆಯ ನೆನಪಾಗಿ ಮತ್ತೆ ಬಿಚ್ಚಿದಳು.
“ಬಿಡು, ಕೈಯಲ್ಲೇ ಮುರೀರಿ.”

ಬೀದಿಯ ತಿರುವಿನವರೆಗೂ ಅವನನ್ನೇ ನೋಡುತ್ತಾ ನಿಂತೆವು.
ಫ್ರಿಜ್ಜಿನ ಪ್ಲಗ್ ಹಾಕುವುದು ಮರೆತೇಹೋಯಿತು.
ಬೆಳಗ್ಗೆ ನೋಡಿದರೆ ಹಾಲು ಒಡೆದಿತ್ತು.