ಸಿಹಿ ಇದೆಯಾ ಎಂದು ಕೇಳಿದವರಿಗೆ

ಶೆಫೀಲ್ಡಿನ ಸಂತೆಯಲ್ಲಿ ಹನ್ನೊಂದು ವರ್ಷದಿಂದ
ಸೇಬು ಮಾರುತ್ತೇನೆ.
ತಿನ್ನುವುದಿಲ್ಲ.

ಹೇಳಿದರೆ ನಗುತ್ತಾರೆ. ಅದಕ್ಕೇ
"ಸಿಹಿ ಇದೆಯಾ, ಲವ್?" ಎಂದು ಯಾರಾದರೂ ಕೇಳಿದಾಗ
ಪಕ್ಕದಲ್ಲಿರುವ ಕ್ಯಾಲಂನ ಮುಖ ನೋಡುತ್ತೇನೆ.
ಬೆಳಿಗ್ಗೆ ಆರಕ್ಕೆ, ಪೆಟ್ಟಿಗೆ ಒಡೆದ ಕೂಡಲೇ
ಜಾತಿಗೊಂದು ಕಚ್ಚಿ ನೋಡುವುದು ಅವನ ಕೆಲಸ.
ಹುಬ್ಬು ಏರಿದರೆ ಹುಳಿ,
ಮತ್ತೊಮ್ಮೆ ಕಚ್ಚಿದರೆ ಸಿಹಿ,
ಉಳಿದದ್ದನ್ನು ಜೇಬಿಗೆ ಇಳಿಸಿದನೆಂದರೆ
ಆ ಪೆಟ್ಟಿಗೆ ಮುಂದಿನ ಸಾಲಿಗೆ.

ಮೊದಲು ಹೀಗಿರಲಿಲ್ಲ.
ಬಂದ ಹೊಸದರಲ್ಲಿ ದಿನಕ್ಕೆ ಮೂರು ತಿಂದವಳು,
ಬೀಜ ಮಾತ್ರ ಬಿಟ್ಟು.
ಗದಗಿನಲ್ಲಿ ಸೇಬೆಂದರೆ ಜ್ವರ ಬಂದವರ ಹಣ್ಣು,
ಒಂದನ್ನು ಎಂಟು ಹೋಳು ಮಾಡಿ ಮನೆಯೆಲ್ಲ ಹಂಚಿ
ರೋಗಿಗೆ ಎರಡು ಉಳಿಯುತ್ತಿತ್ತು.
ಆರೋಗ್ಯವಾಗಿದ್ದೂ ತಿನ್ನಬಹುದೆಂಬುದೇ
ಇಲ್ಲಿ ನನ್ನ ಮೊದಲ ಸಿರಿತನ.

ಆರು ವಸಂತ ಸುಮ್ಮನಿತ್ತು ಮೈ.
ಏಳನೆಯ ಏಪ್ರಿಲ್ಲಿನಲ್ಲಿ ಸೀನು.
ಎಣಿಸುತ್ತಿದ್ದ ಕ್ಯಾಲಂ ಮೂವತ್ತೆರಡಕ್ಕೆ ಕೈಬಿಟ್ಟ.
ಎಲೆ ಉದುರುವ ಹೊತ್ತಿಗೆ ಹೊಸ ಸೇಬು ಬಂತು.
ಮೊದಲ ಕಡಿತಕ್ಕೇ ತುಟಿಯೊಳಗೆ ಇರುವೆಸಾಲು,
ನಾಲಗೆಗೆ ಕೆಸುವಿನ ತುರಿಕೆ,
ಗಂಟಲಲ್ಲಿ ಯಾರೋ ಹೆಸರು ಮರೆತು ನಿಂತ ಹಾಗೆ.
ಆಮೇಲೆ ಪಿಯರ್. ಚೆರ್ರಿ. ಹಸಿ ಗಜ್ಜರಿ ಕೂಡ.

ಡಾಕ್ಟರ್ ಅಡೆಯೆಮಿ ಕಿಟಕಿಯಾಚೆ ಬೆರಳು ಮಾಡಿದರು:
ಕಾರು ನಿಲ್ಲಿಸುವ ಜಾಗದ ಅಂಚಿಗೆ
ಸುಣ್ಣ ಬಳಿದಂಥ ಮೈಯ ಬರ್ಚ್ ಮರ.
ಅದರ ಪರಾಗ ನಿಮಗಾಗದು. ಸೇಬಿನೊಳಗೊಂದು ಕಣ
ನೋಡಲು ಅದರ ಹಾಗೇ ಇದೆ, ಅಷ್ಟೆ.
ಕಾವಲಿನವನಿಗೆ ಗುರುತು ತಪ್ಪುತ್ತದೆ.

ಹಗ್ಗವನ್ನು ಹಾವೆಂದು ಹೆದರಿದವನ ಕಥೆ ಗೊತ್ತಿತ್ತು.
ಇಲ್ಲಿ ಹಾವೂ ಹಾವಲ್ಲ, ಒಂದು ಮರದ ಧೂಳು.
ಎರಡು ಸಲ ಕತ್ತಲಾಗಿದೆ ನನ್ನೊಳಗೆ.

ಮನೆಗೆ ಬಂದು ನಿಘಂಟು ತೆಗೆದೆ. ಬರ್ಚ್ ಎಂದರೆ ಭೂರ್ಜ.
ಅಯ್ಯೋ, ಭೂರ್ಜಪತ್ರ!
ಶಾಲೆಯಲ್ಲಿ ಓಲೆಗರಿಯ ಜೊತೆ ಬರೆದ
ಒಂದು ಅಂಕದ ಉತ್ತರ.
ಯಾರ ಯಾರ ಮಂತ್ರವನ್ನೋ ತೊಗಟೆಯಲ್ಲಿ ಹೊತ್ತ ಕುಲ
ಈಗ ನನ್ನ ತುಟಿಯ ಮೇಲೆ ಬರೆಯುತ್ತಿದೆ
ನನಗೆ ಓದಲು ಬಾರದ್ದು.

ಸಿಟ್ಟೇನೂ ಬರಲಿಲ್ಲ. ಯಾಕೆಂದರೆ
ಇದೇ ಸಂತೆಯಲ್ಲಿ ವಾರಕ್ಕೆರಡು ಸಲ
ನಾನು ಪರ್ಮಿಂದರ್ ಆಗುತ್ತೇನೆ.
"ನನ್ನ ಗಡಿಯಾರದ ಪಟ್ಟಿ ಆಯಿತಾ?" ಎಂದು
ಗ್ಲೆನಿಸ್ ಅಜ್ಜಿ ಕಿತ್ತಳೆಗಳ ಮೇಲೆ ಕೈ ಊರುತ್ತಾರೆ.
ಗಡಿಯಾರದ ಅಂಗಡಿ ಮೂರು ಸಾಲು ಆಚೆ.
ಪರ್ಮಿಂದರ್ ನನಗಿಂತ ಗೇಣುದ್ದ ಎತ್ತರ,
ಕನ್ನಡಕ, ಬೆಳ್ಳಿ ಕೂದಲು.
ನಮ್ಮಿಬ್ಬರಲ್ಲಿ ಯಾವ ಕಣ ಒಂದೇ ಥರ ಕಂಡಿತೋ.
"ನಾಳೆ ಬನ್ನಿ" ಎನ್ನುತ್ತೇನೆ.
ಅವಳೂ ಎಷ್ಟೋ ಸಲ ಕಸ್ತೂರಿಯಾಗಿ
ಬಾಳೆಹಣ್ಣಿನ ದೂರು ಕೇಳಿಸಿಕೊಂಡಿದ್ದಾಳೆ.

ಭಾನುವಾರ, ಪೆಟ್ಟು ಬಿದ್ದ ಸೇಬುಗಳು ನನ್ನವು.
ಸಿಪ್ಪೆ ಹೆರೆದು, ಬೆಲ್ಲ, ಒಣಮೆಣಸು, ಚೂರು ಹುಣಸೆ,
ಗೊಜ್ಜು ಕುದಿಯುತ್ತದೆ.
ಬೆಂದರೆ ಪರವಾಗಿಲ್ಲ ಎಂದಿದ್ದಾರೆ ಡಾಕ್ಟರು:
ಬಿಸಿಗೆ ಆ ಕಣ ತನ್ನ ಮಡಿಕೆ ಬಿಚ್ಚಿಕೊಂಡು
ಆಕಾರ ಮರೆಯುತ್ತದೆ,
ಕಾವಲಿನವನು ಒಳಗೆ ಬಿಡುತ್ತಾನೆ.

ಮುಖ ಕರಗಿದ ಮೇಲಷ್ಟೇ ತೆರೆಯುವ ಬಾಗಿಲು
ಎಂಬ ಮಾತೊಂದು
ಸೌಟಿನಲ್ಲಿ ಸ್ವಲ್ಪ ಹೊತ್ತು ನಿಂತಿತು.
ಉಪ್ಪು ಕಡಿಮೆಯಿತ್ತು. ಹಾಕಿದೆ.

ನಿನ್ನೆ ಕ್ಯಾಲಂ ರಜೆ.
ಎಂಟು ವರ್ಷದವಳಿರಬೇಕು, ಮುಷ್ಟಿಯಲ್ಲೊಂದು ನಾಣ್ಯ,
"ಸಿಹಿ ಇದೆಯಾ? ನಿಜ ಹೇಳು."
ನೋಡಲು ಅವನ ಮುಖವಿಲ್ಲ.
ಚಾಕುವಿನ ತುದಿಯಲ್ಲಿ ಉಗುರಿನಷ್ಟು ಕತ್ತರಿಸಿ
ಬಾಯಿಗಿಟ್ಟೆ.
ಇರುವೆಗಳು ಹೊರಟವು. ಅವಕ್ಕಿಂತ
ಒಂದೇ ಒಂದು ಗಳಿಗೆ ಮುಂಚೆ, ಅದು
ನಾಲ್ಕು ವರ್ಷದ ಹಿಂದೆ ಬಿಟ್ಟಲ್ಲೇ ಕೂತಿತ್ತು.

"ಇದೆ" ಎಂದೆ, ತುಟಿ ಒರೆಸಿಕೊಳ್ಳುತ್ತ.
ಇರುವೆ ಬಂದ ಮೇಲೆ ಕೇಳಬೇಕೇ.
ಅವಳು ಎರಡು ಬೇಕೆಂದಳು.
ನಾಣ್ಯ ಒಂದಕ್ಕೇ ಸಾಲುತ್ತಿತ್ತು.